ಕಂಪ್ಯೂಟರಿನ ಮುಂದೆ ಚಾ ಕುಡಿದ ಯಾಹ್ಯಾ

ಬಿಜೈಯ ರೇಡಿಯೋ ರಿಪೇರಿಯ ಯಾಹ್ಯಾನಿಗೆ ಒಂದು ಅಭ್ಯಾಸವಿತ್ತು. ಗಿರಾಕಿಗಳು ಅದಕ್ಕೆ ಬೈಯುತ್ತಲೂ ಇದ್ದರು. ಕೆಟ್ಟ ಸಾಮಾನು ಕಂಡರೆ ಅವನು ಕೂಡಲೇ ಸ್ಕ್ರೂ ಬಿಚ್ಚುವವನಲ್ಲ. "ದಿನಾ ಹೇಗೆ ಬಳಸ್ತೀರಿ, ಹಾಗೇ ಬಳಸಿ ತೋರಿಸಿ" ಎಂದು ಕುಳಿತುಬಿಡುವವನು. ಗಲ್ಫಿನಿಂದ ಬಂದ ಎಷ್ಟೋ ಟೇಪ್ ರೆಕಾರ್ಡರುಗಳು ಸಕ್ಕರೆ ಡಬ್ಬದ ಪಕ್ಕ ಕುಳಿತು ಹೊಟ್ಟೆ ತುಂಬ ಇರುವೆ ಸಾಕಿಕೊಂಡದ್ದನ್ನು ಅವನು ಹೀಗೆಯೇ ಕಂಡುಹಿಡಿದಿದ್ದ.

ಆದರೂ ೧೯೮೮ರಲ್ಲಿ ತಾರಾನಾಥ ಶೆಟ್ಟರ ಲಾರಿ ಆಫೀಸಿನಿಂದ ಕರೆ ಬಂದಾಗ ಅವನು ಹಿಂದೇಟು ಹಾಕಿದ.

"ಕಂಪ್ಯೂಟರನ್ನು ನಾನು ಮುಟ್ಟಿದ್ದೇ ಇಲ್ಲ ಶೆಟ್ರೇ" ಎಂದ, ಆಫೀಸಿಗೆ ಬಂದವನೇ.

"ಮುಟ್ಟುವವರೆಲ್ಲ ಮುಟ್ಟಿ ಆಯ್ತು ಮಾರಾಯ. ಬೆಂಗಳೂರಿನ ಇಂಜಿನಿಯರ್ ಮೂರು ಸಲ ಬಂದ. ಅವನೆದುರು ದಿನವಿಡೀ ಓಡ್ತದೆ. ಅವನು ಬಸ್ಸು ಹತ್ತಿದ ಮೇಲೆ ಇವಳ ಕೈಯಲ್ಲಿ ಪಟ್ಟಂತ ಆಫ್. ಕೈಗುಣ, ಬೇರೆಂತ?"

ಇವಳು ಎಂದರೆ ಶಶಿಪ್ರಭಾ, ಕುಲಶೇಖರದಿಂದ ಬರುವ ಆಪರೇಟರ್. ಯಂತ್ರದಲ್ಲೇ ಏನೋ ತೊಂದರೆ ಎಂದು ಅವಳು ಹೇಳಿದ್ದಕ್ಕೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಶೆಟ್ಟರು ಆಫೀಸಿಗೆಲ್ಲ ಕೇಳುವಂತೆ ಹೇಳಿದ್ದರು. ಅಂದು ಸಂಜೆಯೊಳಗೆ ರಾಜೀನಾಮೆ ಕೊಡಬೇಕೆಂದೂ ಅಪ್ಪಣೆಯಾಗಿತ್ತು. ಆಗ ಊರಿನಲ್ಲಿ ಕಂಪ್ಯೂಟರುಗಳಿದ್ದದ್ದೇ ಬೆರಳೆಣಿಕೆಯಷ್ಟು. ಕೈಗುಣ ಸರಿಯಿಲ್ಲದವಳು ಎಂಬ ಹೆಸರು ಬಂದರೆ ಇನ್ನೊಂದನ್ನು ಮುಟ್ಟಲು ಅವಳನ್ನು ಬಿಡುವವರು ಯಾರು?

"ಅಕ್ಕ, ದಿನಾ ಮಾಡುವ ಹಾಗೇ ಕೆಲಸ ಮಾಡಿ. ನಾನು ಚಾ ಕುಡಿದುಕೊಂಡು ಕೂತಿರ್ತೇನೆ" ಎಂದ ಯಾಹ್ಯಾ.

"ಲಾರಿಗಳ ಪಟ್ಟಿ ಉಂಟು. ಅದು ಮುಗಿದರೆ ನನ್ನ ರಾಜೀನಾಮೆ" ಎಂದಳು ಅವಳು.

ತನ್ನಿಂದ ಏನೂ ಆಗದಿದ್ದರೆ ಈ ಹೆಣ್ಣುಮಗಳು ಸಂಜೆ ಬರಿಗೈಯಲ್ಲಿ ಮನೆಗೆ ಹೋಗುತ್ತಾಳಲ್ಲ ಎಂದು ಯಾಹ್ಯಾನಿಗೆ ಸಂಕಟವಾಯಿತು.

ಶಶಿಪ್ರಭಾ ಕಪಾಟಿನಿಂದ ಜರಿಯಂಚಿನ ದಪ್ಪ ವೆಲ್ವೆಟ್ ಕವರು ತೆಗೆದು ಕಂಪ್ಯೂಟರಿನ ಪೆಟ್ಟಿಗೆಗೆ ತೊಡಿಸಿದಳು. ಮುಂದಿನ ಅಂಚನ್ನು ಮಾತ್ರ ಮೇಲೆತ್ತಿ ಸ್ವಿಚ್ಚು ಹಾಕಿದಳು.

"ಇದೆಂತದು?"

"ನಮ್ಮ ಉಮಾವತಿ ಕೈಯಾರೆ ಹೊಲಿದದ್ದು" ಎಂದರು ಶೆಟ್ಟರು. ಹೆಂಡತಿಯ ಕಸೂತಿಯ ಬಗ್ಗೆ ಅವರಿಗೆ ಬಹಳ ಹೆಮ್ಮೆ. "ಸಮುದ್ರದ ಉಪ್ಪುಗಾಳಿ ತಾಗಿದರೆ ತುಕ್ಕು ಹಿಡಿಯುವುದಿಲ್ಲವಾ? ಯಾವಾಗಲೂ ಹಾಕಿಯೇ ಇರಬೇಕು ಅಂತ ಹೇಳಿದ್ದೇನೆ."

"ಇಂಜಿನಿಯರ್ ಬಂದಾಗ?"

"ಅವನು ಬರುವ ಮೊದಲೇ ಒಳಗೆ ತೆಗೆದಿಡ್ತೇವೆ, ಇವತ್ತು ನೀನು ಬರ್ತಿ ಅಂತ ಇಟ್ಟ ಹಾಗೆ. ಅವನ ಗ್ರೀಸಿನ ಕೈ ತಾಗಿದರೆ ಜರಿ ಹಾಳಾಗ್ತದೆ."

ಯಾಹ್ಯಾ ಚಾ ಹೀರುತ್ತ ಕುಳಿತ. ಲಾರಿಗಳ ಪಟ್ಟಿ ಮುಗಿದು ರಾಜೀನಾಮೆ ಶುರುವಾಯಿತು. "ನನ್ನ ವೈಯಕ್ತಿಕ ಕಾರಣಗಳಿಂದ" ಎಂಬಲ್ಲಿಗೆ ಬಂದಾಗ ಪರದೆ ಕಪ್ಪಾಯಿತು.

"ನೋಡಿದೆಯಾ?" ಎಂದರು ಶೆಟ್ಟರು.

ಯಾಹ್ಯಾ ಎದ್ದು ವೆಲ್ವೆಟ್ಟಿನೊಳಗೆ ಕೈ ತೂರಿಸಿದವನು ಸರಕ್ಕನೆ ಹಿಂದೆಳೆದುಕೊಂಡ. ಪೆಟ್ಟಿಗೆಯ ಬೆನ್ನು ದೋಸೆ ಕಾವಲಿಯಂತೆ ಕಾದಿತ್ತು.

"ಶೆಟ್ರೇ, ಹಿಂದೆ ಒಂದು ಫ್ಯಾನ್ ಉಂಟು, ಒಳಗಿನ ಬಿಸಿ ಹೊರಗೆ ಹಾಕ್ಲಿಕ್ಕೆ. ನೀವು ಅದರ ಬಾಯಿಗೇ ಬಟ್ಟೆ ತುರುಕಿದ್ದೀರಿ. ಬಿಸಿ ಏರಿದರೆ ಸುಟ್ಟು ಹೋಗದ ಹಾಗೆ ಅದು ತಾನಾಗಿ ಬಂದ್ ಆಗ್ತದೆ. ಇಂಜಿನಿಯರನೆದುರು ಕವರು ಇರಲಿಲ್ಲ, ಓಡಿತು. ಈ ಅಕ್ಕ ನೀವು ಹೇಳಿದ ಹಾಗೆ ಕೇಳಿದರು, ನಿಂತಿತು."

ಶೆಟ್ಟರಿಗೆ ಸುಲಭದಲ್ಲಿ ನಂಬಿಕೆ ಬರಲಿಲ್ಲ. ಕವರು ತೆಗೆಸಿ, ಯಂತ್ರ ತಣಿದ ಮೇಲೆ ಪುನಃ ಸ್ವಿಚ್ಚು ಹಾಕಿಸಿ ಎದುರಿಗೇ ಕುರ್ಚಿ ಹಾಕಿಕೊಂಡು ಕುಳಿತರು. ಊಟದ ಹೊತ್ತು ಮೀರಿತು, ಮೂರು ಗಂಟೆಯೂ ಆಯಿತು. ಅದು ಓಡುತ್ತಲೇ ಇತ್ತು.

"ಆ ಕಾಗದ ಪುನಃ ಟೈಪ್ ಮಾಡ್ಬೇಕಾ ಸರ್?" ಎಂದು ಕೇಳಿದಳು ಶಶಿಪ್ರಭಾ.

ಜನ್ಮದಲ್ಲಿ ತಪ್ಪೊಪ್ಪಿಕೊಂಡವರಲ್ಲ ಶೆಟ್ಟರು. ಆದರೂ ಆಫೀಸಿನವರೆಲ್ಲರ ಎದುರಿಗೆ, "ಬೇಡ. ತಪ್ಪು ನಂದು, ನಿಂದಲ್ಲ" ಎಂದರು.

ಅಷ್ಟು ಹೊತ್ತು ಗಟ್ಟಿಯಾಗಿದ್ದ ಹುಡುಗಿ ಆಗ ಅತ್ತಳು. "ನನ್ನ ಕೈಯೇ ಸರಿ ಇಲ್ಲ ಅಂತ ನಾನೂ ನಂಬಿದ್ದೆ ಸರ್. ನನ್ನ ಅಕ್ಕ ಬಾಣಂತನಕ್ಕೆ ಬಂದು ಒಂದು ತಿಂಗಳಾಯ್ತು. ಮಗುವನ್ನು ನಾನು ಇನ್ನೂ ಎತ್ತಿಕೊಳ್ಳಲಿಲ್ಲ."

ಶೆಟ್ಟರು ತಾವೇ ಎದ್ದು ಕಂಪ್ಯೂಟರಿನ ಸ್ವಿಚ್ಚು ಆರಿಸಿದರು.

"ಇವತ್ತಿಗೆ ಸಾಕು ಮಗಾ. ಮೊದಲು ಮನೆಗೆ ಹೋಗಿ ಆ ಮಗುವನ್ನು ಎತ್ತಿಕೋ."