ಒಂದೇ ಕಿಕ್ಕಣ್ಣನ ಗೀಟು

ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು, ಆದರೆ ಅದನ್ನು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಬೀದಿಗೆಲ್ಲ ಅವನು ಒಂದೇ ಕಿಕ್ಕಣ್ಣ. ಹಳೇ ಮೋಟಾರ್ ಸೈಕಲ್ಲುಗಳ ಮೆಕ್ಯಾನಿಕ್ಕು. ಎಂಥ ಮುದಿ ಗಾಡಿಯನ್ನು ತಳ್ಳಿಕೊಂಡು ತಂದರೂ ಅವನ ಅಂಗಡಿಯಿಂದ ಹೊರಡುವಾಗ ಅದು ಒಂದೇ ಕಿಕ್ಕಿಗೆ ಸ್ಟಾರ್ಟ್ ಆಗಬೇಕು. ಎರಡನೇ ಕಿಕ್ ಬೇಕಾಯಿತೋ, ಗಾಡಿಯನ್ನು ಮತ್ತೆ ಸ್ಟ್ಯಾಂಡಿಗೆ ಹಾಕಿ ಮೊದಲಿನಿಂದ ಶುರು ಮಾಡುತ್ತಿದ್ದ. ಗಿರಾಕಿ, "ಪರವಾಗಿಲ್ಲ ಬಿಡಣ್ಣ, ಹೊತ್ತಾಯ್ತು" ಅಂದರೆ, "ನಿನಗೆ ಪರವಾ ಇಲ್ದಿದ್ರೆ ಬಿಡು, ನನಗಿದೆ" ಅನ್ನುವವನು.

ಅವನ ಕೆಲಸದ ಗುಟ್ಟೆಲ್ಲ ಇಂಜಿನ್ನಿನ ಪಕ್ಕದ ಒಂದು ಪುಟ್ಟ ಮುಚ್ಚಳದ ಕೆಳಗಿತ್ತು. ಅದರೊಳಗೆ ಪಾಯಿಂಟು ಅನ್ನುವ ಎರಡು ಲೋಹದ ಬೊಟ್ಟುಗಳು ಒಂದಕ್ಕೊಂದು ತಾಗಿಕೊಂಡಿರುತ್ತವೆ. ಅವು ಬಿಟ್ಟುಕೊಂಡ ಕ್ಷಣಕ್ಕೆ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಪಿಸ್ಟನ್ನು ಮೇಲೇರಿ ಇನ್ನೇನು ತುದಿ ಮುಟ್ಟಬೇಕು ಅನ್ನುವಾಗಲೇ ಆ ಕಿಡಿ ಬೀಳಬೇಕು. ಅವನು ಬೊಟ್ಟುಗಳ ನಡುವೆ ತೆಳ್ಳನೆಯ ಸಿಗರೇಟು ಕಾಗದದ ಚೂರು ಸಿಕ್ಕಿಸಿ, ಇಂಜಿನ್ನನ್ನು ಕೈಯಲ್ಲೇ ಮೆಲ್ಲಗೆ ತಿರುಗಿಸುತ್ತ, ಕಾಗದವನ್ನು ಹಗುರವಾಗಿ ಎಳೆಯುತ್ತ ಕೂರುತ್ತಿದ್ದ. ಕಾಗದ ಜಾರಿ ಕೈಗೆ ಬಂದಿತೋ, ಅದೇ ಕಿಡಿ ಹಾರುವ ಹೊತ್ತು. ಹೊತ್ತು ಹೆಚ್ಚುಕಡಿಮೆಯಾದರೆ ಪಾಯಿಂಟು ಕೂತಿರುವ ಪ್ಲೇಟನ್ನು ಕೂದಲೆಳೆಯಷ್ಟು ಸರಿಸಿ ಮತ್ತೆ ನೋಡುವನು. ಎಲ್ಲ ಸರಿಹೋದ ಮೇಲೆ ಪ್ಲೇಟಿನಿಂದ ಅದರ ಗೂಡಿನವರೆಗೆ ಸೂಜಿಯಲ್ಲಿ ಸಣ್ಣದೊಂದು ಗೀಟು ಎಳೆದು ಮುಚ್ಚಳ ಹಾಕುವನು. ಮುಂದೆ ಯಾರು ಬಿಚ್ಚಿದರೂ ಗೀಟಿಗೆ ಗೀಟು ಸೇರಿಸಿದರೆ ಸಾಕು. ಅವನ ರುಜು ಅಂದರೂ ಅದೇ.

ಕಿಡಿ ತಡವಾಗಿ ಬಿದ್ದರೆ ದೊಡ್ಡ ಅಪಾಯವೇನಿಲ್ಲ, ಗಾಡಿ ಮಂಕು ಬಡಿದಂತೆ ಓಡುತ್ತದೆ. ಬೇಗ ಬಿದ್ದರೆ ಮಾತ್ರ ಕಷ್ಟ. ಮೇಲೇರುತ್ತಿರುವ ಪಿಸ್ಟನ್ನು ಹಿಂದಕ್ಕೆ ಒದೆಸಿಕೊಂಡು, ಕಿಕ್ಕರು ತಿರುಗಿ ಬಂದು ಕಾಲಿಗೇ ಬಡಿಯುತ್ತದೆ. ಹಾಗೆ ಪಾದದ ಕೀಲು ಮುರಿದುಕೊಂಡವರನ್ನು ಅವನು ಬೇಕಾದಷ್ಟು ಕಂಡಿದ್ದ.

ಇಂಥ ಕೈಯವನಿಗೆ ಯಾರ ಮೇಲೆ ಹೊಟ್ಟೆಕಿಚ್ಚು? ಷಡ್ಡಕನ ಮೇಲೆ. ಹೆಂಡತಿಯ ತಂಗಿಯ ಗಂಡ, ಗಡಿಯಾರ ರಿಪೇರಿಯವನು, ಬಡಕಲು ಮನುಷ್ಯ. ಷಡ್ಡಕನ ಹೆಸರು ಬೆಳಗುವುದನ್ನು ಕಂಡು ಖುಷಿಪಟ್ಟವರು ಎಲ್ಲಾದರೂ ಇದ್ದರೆ ಅವರಿಗೆ ನನ್ನದೊಂದು ಅಡ್ಡಬಿದ್ದೆ.

ಶುರುವಾದದ್ದು ಮಾವನವರ ಗಾಡಿಯಿಂದ. ಅದು ಆ ಮನೆಗೆ ಅತ್ತೆಗಿಂತ ಮೊದಲು ಬಂದದ್ದು. ಮಾವ ತಿಂಗಳಿಗೊಮ್ಮೆ ಅದನ್ನು ಹಿರಿಯಳಿಯನ ಅಂಗಡಿಗೆ ತಂದು, ಬೋರಲು ಹಾಕಿದ ಡಬ್ಬದ ಮೇಲೆ ಕೂತು, ಅದೇ ಕಥೆ ಹೇಳುತ್ತಿದ್ದರು. ಹೆಣ್ಣು ನೋಡಲು ಹೋದಾಗ ಗಾಡಿ ಸರಿಯಾಗಿ ಅತ್ತೆಯ ಮನೆ ಮುಂದೆಯೇ ನಿಂತುಹೋದ ಕಥೆ. ಒಂದು ದಿನ ಅಂಗಡಿ ತುಂಬ ಗಾಡಿಗಳಿದ್ದವು, ಇವನ ತಲೆ ಬಿಸಿಯಾಗಿತ್ತು. "ಮಾವ, ಈ ಗುಜರಿನ ಮಾರಿ ಕೈ ತೊಳ್ಕೊಳ್ಳಿ" ಅಂದುಬಿಟ್ಟ. ಮಾವ ನಕ್ಕರು. ಇವನು ಅದನ್ನು ಅಲ್ಲೇ ಮರೆತ.

ಮುಂದಿನ ತಿಂಗಳು ಮಾವ ಬರಲಿಲ್ಲ. ಬಂದದ್ದು ಸದ್ದು. ಒಂದು ಮಧ್ಯಾಹ್ನ ಆ ಗಾಡಿಯ ದಪ್ಪ ದನಿ ಬೀದಿಯ ತುದಿಯಲ್ಲಿ ಕೇಳಿಸಿತು, ಒಂದು ಹೊಡೆತವೂ ತಪ್ಪದ ದನಿ. ಇವನು ಸ್ಪ್ಯಾನರ್ ಕೆಳಗಿಟ್ಟು ಕೈ ಒರೆಸಿಕೊಂಡು ಡಬ್ಬವನ್ನು ಬೋರಲು ಹಾಕಿದ. ಗಾಡಿ ಅಂಗಡಿ ದಾಟಿ ಗಡಿಯಾರದವನ ಓಣಿಗೆ ತಿರುಗಿತು.

"ತಂಗಿ ಗಂಡ ಪಾಯಿಂಟ್ ಕ್ಲೀನ್ ಮಾಡ್ಕೊಟ್ರಂತೆ. ಕಣ್ಣಿಗೆ ಆ ಭೂತಗನ್ನಡಿ ಸಿಕ್ಕಿಸ್ಕೊಂಡು," ಅಂದಳು ಹೆಂಡತಿ, ಪಾತ್ರೆ ತೊಳೆಯುತ್ತ. "ಈಗ ಒಂದೇ ಕಿಕ್ಕಂತೆ. ಅಪ್ಪ ಎಲ್ಲರ ಹತ್ರಾನೂ ಹೇಳ್ತಿದಾರೆ."

"ಒಂದೇ ಕಿಕ್ಕಂತೆ! ಗಡಿಯಾರ ಬಿಚ್ಚೋನಿಗೆ ಗಾಡಿ ಉಸಾಬರಿ ಯಾಕೆ?"

"ಒಂದು ಲೋಟ ನೀರು ಕುಡೀರಿ," ಅಂದಳು ಅವಳು. "ಹೊಟ್ಟೆ ಉರೀತಿರ್ಬೇಕು."

ಉರಿಯುತ್ತಿತ್ತು ಅನ್ನುವುದರಲ್ಲಿ ಎರಡು ಮಾತಿಲ್ಲ. ಷಡ್ಡಕ ರಿಪೇರಿ ಮಾಡಿಕೊಟ್ಟಿದ್ದ ಕೈಗಡಿಯಾರವನ್ನು ಬಿಚ್ಚಿ ಟೂಲ್ ಬಾಕ್ಸಿನ ತಳಕ್ಕೆ ಎಸೆದ. ಯಾವಾಗಲೋ ಸ್ಕ್ರೂಡ್ರೈವರ್ ಹುಡುಕುವಾಗ ಸಿಕ್ಕಿತು, ನೋಡಿದರೆ ಸರಿಯಾದ ಸಮಯವನ್ನೇ ತೋರಿಸುತ್ತಿತ್ತು. ಅದಕ್ಕೂ ಸಿಟ್ಟು ಬಂತು. ಮಾವನವರ ಗಾಡಿ ಅಂಗಡಿ ಮುಂದೆ ಹಾದುಹೋದಾಗಲೆಲ್ಲ ಎಲ್ಲಾದರೂ ಒಂದು ಹೊಡೆತ ತಪ್ಪೀತೇ ಎಂದು ಕಿವಿಗೊಡುತ್ತಿದ್ದ. ತಪ್ಪುತ್ತಿರಲಿಲ್ಲ. ಒಂದೇ ಕಿಕ್ಕಣ್ಣ ಅನ್ನುವ ಹೆಸರು ಬಿಟ್ಟರೆ ಅವನು ಸಂಪಾದಿಸಿದ್ದಾದರೂ ಏನು? ಅದೂ ಈಗ ಓಣಿಯಾಚೆಯ ಗಡಿಯಾರದಂಗಡಿಗೆ ಹೊರಟುನಿಂತಿತ್ತು.

ಒಂದು ರಜೆಯ ದಿನ ಅತ್ತೆ ಹೆಣ್ಣುಮಕ್ಕಳನ್ನೂ ಅಳಿಯಂದಿರನ್ನೂ ಊಟಕ್ಕೆ ಕರೆದರು. ಷಡ್ಡಕ ಬೆಳಿಗ್ಗೆಯೇ ಬಂದು ಮಾವನವರ ಗಾಡಿಯನ್ನು ಮತ್ತೊಮ್ಮೆ ಕ್ಲೀನ್ ಮಾಡಿಟ್ಟಿದ್ದ. ಎಲ್ಲರೂ ನಡುಮನೆಯಲ್ಲಿ ಮಾತಿಗೆ ಕೂತಾಗ ಇವನು ಹಿತ್ತಲಿನ ಶೆಡ್ಡಿಗೆ ನುಸುಳಿದ. ಜೇಬಿನಲ್ಲಿ ಸ್ಕ್ರೂಡ್ರೈವರ್ ಇತ್ತು. ಪ್ಲೇಟನ್ನು ಒಂಚೂರು ಹಿಂದಕ್ಕೆ ಹಾಕುವುದು, ಕಿಡಿ ತಡವಾಗುವುದು, ಗಾಡಿ ಮಂಕಾಗುವುದು, ಗಡಿಯಾರದವನ ಬಂಡವಾಳ ಬಯಲಾಗುವುದು. ಯಾರಿಗೂ ನೋವಿಲ್ಲ. ಮುಚ್ಚಳ ಬಿಚ್ಚಿ ಒಳಗೆ ಬಗ್ಗಿ ನೋಡಿದ.

ಬೊಟ್ಟುಗಳು ಕನ್ನಡಿಯಂತೆ ಹೊಳೆಯುತ್ತಿದ್ದವು. ಪ್ಲೇಟಿನ ಅಂಚಿನಲ್ಲಿ ಅವನದೇ ಗೀಟು. ಗೂಡಿನ ಮೇಲಿನ ಅರ್ಧಕ್ಕೆ ಪ್ಲೇಟಿನ ಅರ್ಧ ಕೂದಲಷ್ಟೂ ಆಚೀಚೆಯಾಗದೆ ಸೇರಿಕೊಂಡಿತ್ತು. ಗಡಿಯಾರದವನು ತೊಳೆದು ಒರೆಸಿದ್ದನೇ ಹೊರತು ಟೈಮಿಂಗ್ ತನ್ನ ತಲೆಯಿಂದ ಇಟ್ಟಿರಲಿಲ್ಲ, ಇವನ ಗೀಟು ನೋಡಿ ಕೂರಿಸಿದ್ದ.

ಒಂದು ಗಳಿಗೆ ಎದೆ ಉಬ್ಬಿತು. ಮರುಗಳಿಗೆಯೇ ಮೊದಲಿಗಿಂತ ಜೋರಾಗಿ ಉರಿಯಿತು. ಹಾಗಾದರೆ ಇಷ್ಟು ದಿನ ಮಾವ ಹೊಗಳಿದ್ದು ನನ್ನ ಕೆಲಸವನ್ನೇ! ಹೋಗಿ ಹೇಳೋಣವೆಂದರೆ, ಮುಚ್ಚಳ ಯಾಕೆ ಬಿಚ್ಚಿದ್ದೆ ಅಂತ ಕೇಳುತ್ತಾರೆ. ನುಂಗುವಂತಿಲ್ಲ, ಉಗುಳುವಂತಿಲ್ಲ. ಗೀಟೂ ನನ್ನದೇ, ಕೆಡಿಸುವ ಹಕ್ಕೂ ನನ್ನದೇ ಎಂದುಕೊಂಡು, ದಿನಾ ಮಾಡುವ ಅಭ್ಯಾಸದ ಮೇಲೆ ಪ್ಲೇಟನ್ನು ಸರಿಸಿ, ಬಿಗಿದು, ಮುಚ್ಚಳ ಹಾಕಿ ಊಟಕ್ಕೆ ಬಂದು ಕೂತ. ಬೆರಳು ಕಪ್ಪಾಗಿತ್ತು. ಮೆಕ್ಯಾನಿಕ್ಕಿನ ಬೆರಳು ಯಾಕೆ ಕಪ್ಪು ಅಂತ ಯಾರು ಕೇಳುತ್ತಾರೆ?

ಊಟದ ನಡುವೆ ಷಡ್ಡಕ ಎಲ್ಲರನ್ನೂ ನಗಿಸುತ್ತಿದ್ದ. "ಕ್ಷೌರದಂಗಡಿಯವರೊಬ್ರು ಒಂದು ಗಡಿಯಾರ ತಂದಿದ್ರು ಮಾವ. ಮುಳ್ಳು ಉಲ್ಟಾ ತಿರುಗುತ್ತೆ! ಕುರ್ಚೀಲಿ ಕೂತೋರು ಕನ್ನಡೀಲಿ ನೋಡೋಕೆ ಅಂತ ಮಾಡಿದ್ದು. ನಾನು ಅಭ್ಯಾಸಬಲ, ಎಲ್ಲಾ ಗಡಿಯಾರದ ಹಾಗೇ ತಿರುಗಿಸ್ತಾ ಕೂತಿದ್ದೆ."

ಇವನು ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದ. ಮಾವನವರ ಗಾಡಿಯಲ್ಲೂ ಪಾಯಿಂಟಿನ ಬೊಟ್ಟುಗಳನ್ನು ಬಿಡಿಸುವ ದಂಡ ಉಲ್ಟಾ ತಿರುಗುತ್ತದೆ. ಅಂಗಡಿಗೆ ಬರುವ ಗಾಡಿಗಳಲ್ಲೆಲ್ಲ ಒಂದು ದಿಕ್ಕು, ಅದೊಂದರಲ್ಲಿ ಮಾತ್ರ ಇನ್ನೊಂದು. ಹಿಂದಕ್ಕೆ ಅಂದುಕೊಂಡು ಸರಿಸಿದ್ದು ಮುಂದಕ್ಕೆ ಹೋಗಿತ್ತು. ಕಿಡಿ ತಡವಾಗುವುದಲ್ಲ, ಬೇಗ ಬೀಳುತ್ತದೆ.

ಇದನ್ನೆಲ್ಲ ಲೆಕ್ಕ ಹಾಕಿ ತಲೆಯೆತ್ತುವಷ್ಟರಲ್ಲಿ ಮಾವನೂ ಷಡ್ಡಕನೂ ಊಟ ಮುಗಿಸಿ ಎದ್ದುಹೋಗಿದ್ದರು. ಹಿತ್ತಲಿನಿಂದ ದನಿ ಕೇಳಿಸಿತು. "ನೀವು ಬೇಡ ಮಾವ, ಮೊಣಕಾಲು ನೋವು ಅಂತಿದ್ರಿ. ಔಷಧಿ ತರೋಕೆ ತಾನೆ? ನಾನೇ ಕಿಕ್ ಹೊಡೀತೀನಿ."

ಇವನು ಎಂಜಲು ಕೈಯಲ್ಲೇ ಓಡಿದ. "ತಡಿ! ಹೊಡೀಬೇಡ! ಕಾಲು ತೆಗಿ!"

ರಬ್ಬರ್ ಚಪ್ಪಲಿಯ ಆ ಬಡಕಲು ಕಾಲು ಕಿಕ್ಕರಿನ ಮೇಲೇ ನಿಂತಿತು.

"ಟೈಮಿಂಗ್ ತಪ್ಪಿದೆ," ಅಂದ ಇವನು, ಏದುಸಿರು ಬಿಡುತ್ತ.

ಮಾವ ಗಾಡಿಯನ್ನು ನೋಡಿದರು, ಅಳಿಯನನ್ನು ನೋಡಿದರು. "ಇನ್ನೂ ಸ್ಟಾರ್ಟೇ ಮಾಡಿಲ್ವಲ್ಲ ಅಳಿಯಂದ್ರೇ, ನಿಮಗೆ ಹೇಗೆ ಗೊತ್ತಾಯ್ತು?"

 ಅಷ್ಟರಲ್ಲಿ ಷಡ್ಡಕ ಕೆಳಗೆ ಬಗ್ಗಿ ನೋಡಿದ. ಬೆಳಿಗ್ಗೆ ತಾನೇ ಉಜ್ಜಿ ಹೊಳೆಯಿಸಿದ್ದ ಮುಚ್ಚಳದ ಮೇಲೆ ಹೆಬ್ಬೆರಳಿನ ಕಪ್ಪು ಗುರುತೊಂದು ಹಸಿಹಸಿಯಾಗಿ ಕೂತಿತ್ತು. ಅವನು ಒಮ್ಮೆ ಇವನ ಕೈ ಕಡೆ ಕಣ್ಣು ಹಾಯಿಸಿ, ಜೇಬಿನಿಂದ ಕರ್ಚೀಫು ತೆಗೆದು, ಧೂಳು ಒರೆಸುವವನಂತೆ ಗುರುತನ್ನು ಒರೆಸಿದ.

"ಬೆಳಿಗ್ಗೆ ಕ್ಲೀನ್ ಮಾಡುವಾಗ ನಾನೇ ಪ್ಲೇಟು ಅಲ್ಲಾಡಿಸಿಬಿಟ್ಟೆ ಅನ್ಸುತ್ತೆ ಮಾವ. ಭಾವ ಆಗಲೇ ಬಂದು ನೋಡಿರ್ತಾರೆ."

"ಗೀಟು ನೋಡಿ ಕೂರಿಸಿ ಅಂತ ಬಡ್ಕೊಂಡಿದ್ದೆನಲ್ಲ ನಿಮಗೆ," ಅಂದರು ಮಾವ. "ಆ ಗೀಟು ಇವರದು. ನನ್ನ ಕಣ್ಣೆದುರೇ ಎಳೆದದ್ದು. ಇವರ ಕೈಯಂಥ ಕೈ ಇನ್ನೊಂದಿಲ್ಲ." ಆಮೇಲೆ, ಯಾರನ್ನೂ ನೋಡದೆ, ಸೀಟು ಸವರುತ್ತ ಹೇಳಿದರು: "ಇವರ ಹತ್ರಾನೇ ಹೋಗ್ತಿದ್ದೆ. ಆದ್ರೆ ಗುಜರಿ ಅಂದ್ರು. ನನ್ನ ವಯಸ್ಸೂ ಹತ್ರಹತ್ರ ಇದರದ್ದೇ ಅಲ್ವಾ?"

ಇವನು ಕೈ ತೊಳೆದು ಬಂದು, ಮುಚ್ಚಳ ಬಿಚ್ಚಿ ಗೀಟಿಗೆ ಗೀಟು ಸೇರಿಸಿದ. ಸಾಲದೆಂದು ಕಾಗದದ ಚೂರನ್ನೂ ಸಿಕ್ಕಿಸಿ ನೋಡಿದ. ಹಾಗೆ ನೋಡುತ್ತಲೇ, ತಲೆಯೆತ್ತದೆ, "ಅತ್ತೆ ಮನೆ ಮುಂದೆ ಗಾಡಿ ನಿಂತುಹೋಯ್ತಲ್ಲ ಮಾವ, ಆಮೇಲೇನಾಯ್ತು?" ಅಂತ ಕೇಳಿದ. ಮಾವ ಒಂದು ಸ್ಟೂಲನ್ನು ಎಳೆದುಕೊಂಡು ಕೂತು ಮೊದಲಿನಿಂದ ಶುರು ಮಾಡಿದರು. ಕಥೆ ಮುಗಿಯುವವರೆಗೆ ಇವನು ಸ್ಕ್ರೂ ಬಿಗಿಯಲಿಲ್ಲ.

ಗಾಡಿ ಒಂದೇ ಕಿಕ್ಕಿಗೆ ಎದ್ದಿತು. ಮಾವ ಬೆನ್ನು ತಟ್ಟಿದರು, ಹಿರಿಯಳಿಯನ ಬೆನ್ನೇ. ಮುಂದಿನ ತಿಂಗಳು ಅಂಗಡಿಗೂ ಬಂದರು, ಡಬ್ಬದ ಮೇಲೆ ಕೂತರು. ಅವನಿಗೆ ಬೇಕಾಗಿದ್ದೆಲ್ಲ ಸಿಕ್ಕಿತು.

ಕರ್ಚೀಫಿನ ಸಂಗತಿಯನ್ನು ಷಡ್ಡಕ ಇಂದಿನವರೆಗೂ ಯಾರ ಹತ್ತಿರವೂ ಆಡಿಲ್ಲ, ಇವನ ಹತ್ತಿರವೂ. ಒಮ್ಮೆ ಆಡಿದ್ದರೆ, ಜಗಳವಾಡಿ ಹಗುರವಾಗಬಹುದಿತ್ತು. ಅವನ ಕೈಗುಣದ ಮೇಲೆ ಇವನಿಗೆ ಈಗ ಹೊಟ್ಟೆಕಿಚ್ಚಿಲ್ಲ. ಇರುವುದು ಅವನ ಒಳ್ಳೆಯತನದ ಮೇಲೆ. ಅದನ್ನು ನೋಡಿಕೊಂಡು ತನ್ನ ಮನಸ್ಸನ್ನೂ ಅಲ್ಲಿಗೇ ಕೂರಿಸೋಣವೆಂದರೆ ಅದಕ್ಕೆ ಯಾರೂ ಗೀಟು ಎಳೆದಿಟ್ಟಿಲ್ಲ.