ಬೈಠಕ್‌ನಲ್ಲಿ ಕೈಗೇನು ಕೆಲಸ

ನಾನು ಪುಕ್ಕಲ, ಒಪ್ಪಿಕೊಂಡುಬಿಡುತ್ತೇನೆ. ಐವತ್ತಕ್ಕೆ ಸಕ್ಕರೆ ಕಾಯಿಲೆ ಬಂತು. ಮೈ ಗಟ್ಟಿ ಮಾಡಿಕೊಳ್ಳಿ ಎಂದರು ಡಾಕ್ಟರು. ಬೀದರಿನ ಮೈಲೂರಿನಲ್ಲಿ ನಮ್ಮ ಮನೆ ಹತ್ತಿರದ ತಾಲೀಮಿಗೆ, ಅಂದರೆ ಗರಡಿಮನೆಗೆ, ಸೇರಿದೆ. ಕುಸ್ತಿಯ ಕೆಮ್ಮಣ್ಣಿನ ಪಕ್ಕಕ್ಕೇ ಈಗ ಅಲ್ಲಿ ಡಂಬೆಲ್ಲುಗಳೂ ಇವೆ. ಬೆಳಿಗ್ಗೆ ಬೆವರಿಳಿಸಿ, ಸ್ನಾನ ಮಾಡಿ, ಔರಾದಿನ ಶಾಲೆಗೆ ಬಸ್ಸು ಹತ್ತುತ್ತಿದ್ದೆ.

ನನಗೆ ಅಂಜಿಕೆ ಭಾರದ್ದಲ್ಲ, ನೋವಿನದು. ಹದಿನಾಲ್ಕರವನಿದ್ದಾಗ ಭಾಲ್ಕಿಯಲ್ಲಿ ಅಪ್ಪ ತೊಗರಿ ಚೀಲ ಇಳಿಸಿ ಬಂದು, ಎಡಗೈ ಸೆಳೆಯುತ್ತಿದೆ ಎಂದ. ನರ ಹಿಡಿದಿರಬೇಕು ಎಂದಳು ಅವ್ವ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಎಣ್ಣೆ ಹಚ್ಚಿ ತಿಕ್ಕಿದವನು ನಾನೇ. ನನ್ನ ಕೈಯೊಳಗೇ ಅವನ ಕೈ ತಣ್ಣಗಾಯಿತು. ಅದು ಹೃದಯದ ನೋವೆಂದು ಆಮೇಲೆ ಯಾರೋ ಹೇಳಿದರು.

ಹಾಗಾಗಿ ತಾಲೀಮಿನಲ್ಲಿ ಏನು ಮಾಡಿಸಿದರೂ ಕೇಳುತ್ತಿದ್ದೆ, ಈಗ ಯಾವ ಸ್ನಾಯು ಕೆಲಸ ಮಾಡುತ್ತಿದೆ ಎಂದು. ಉಳಿದವರು ನಗುತ್ತಿದ್ದರು. ಅಲ್ಲಿ ಕಲಿಸುವ, ಅರವತ್ತು ದಾಟಿದ ಉಸ್ತಾದರು ಮಾತ್ರ ಬೇಸರಿಸಲಿಲ್ಲ. ಕೆಲಸ ಮಾಡುವ ಜಾಗದ ಮೇಲೆ ಮೊದಲು ಅಂಗೈ ಇಡಿಸುವುದು ಅವರ ಪದ್ಧತಿ. ದಂಡ ಹೊಡೆಯುವ ಮೊದಲು ಎದೆ, ತೋಳಿನ ಹಿಂಭಾಗ. ಡಂಬೆಲ್ಲು ಸೊಂಟಕ್ಕೆ ಎಳೆದರೆ ಬೆನ್ನು, ಮುಟ್ಟಲು ಬರದಿದ್ದರೆ ಅವರೇ ಮುಟ್ಟಿ ತೋರಿಸುವರು. ಕೂತು ಏಳುವ ಬೈಠಕ್‌ಗೆ ತೊಡೆ ಮತ್ತು ಕುಂಡಿ.

"ಹಸ್ತ ಇಟ್ಟಲ್ಲಿ ನೋವು ಬಂದ್ರ ಅದು ಕೂಲಿ, ಮಾಸ್ತರ್. ಬ್ಯಾರೆ ಕಡಿ ಬಂದ್ರ ಅದು ಕಳ್ಳ," ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ಬೈಠಕ್ ತೋರಿಸುತ್ತಿದ್ದವರು ನಡುವೆಯೇ ನಿಲ್ಲಿಸಿ ಕಟ್ಟೆಯ ಮೇಲೆ ಕೂತರು. ಎಡಗೈ ಹಿಚುಕಿಕೊಳ್ಳುತ್ತಿದ್ದರು. ಹತ್ತು ಬೈಠಕ್‌ಗೆ ಬೆವರುವ ಮನುಷ್ಯನಲ್ಲ, ಆದರೆ ಕುತ್ತಿಗೆಯೆಲ್ಲ ತೊಯ್ದಿತ್ತು. ಗೂಡಿನಿಂದ ಎಣ್ಣೆ ಬಾಟಲಿ ತೆಗೆದು ನನಗೆ ಕೊಟ್ಟರು.

"ನಸ ಹಿಡದದ. ಜರಾ ತಿಕ್ಕು." ಅವ್ವನೂ ನರ ಎಂದೇ ಹೇಳಿದ್ದಳು.

ಉಸ್ತಾದರ ಮೈ ತಿಕ್ಕುವುದು ಶಿಷ್ಯರ ಪಾಲಿನ ಸೇವೆ. ಒಲ್ಲೆ ಎಂದವರನ್ನು ನಾನು ಕಂಡಿಲ್ಲ. ಬಾಟಲಿ ಹಿಡಿದು ನಿಂತೆ. ಸುಳ್ಳು ಹೇಳಲಾರೆ, ಅಂಗೈಗೆ ಎಣ್ಣೆ ಸುರಿದುಕೊಂಡೂ ಬಿಟ್ಟಿದ್ದೆ.

"ಉಸ್ತಾದ್, ಬೈಠಕ್‌ನಾಗ ಕೈಗೇನು ಕೆಲಸ ಅದರಿ?"

ಕಣ್ಣು ಕೆಂಪಗೆ ಮಾಡಿ ನೋಡಿದರು. ಆಮೇಲೆ ಅವರು ತಮ್ಮ ಕೈಯನ್ನೇ ನೋಡಿಕೊಂಡರು. ಸಿಟ್ಟು ಇಳಿಯಿತು. ಆ ಮುಖದಲ್ಲಿ ಅಂಜಿಕೆ ಕಂಡದ್ದು ಅದೇ ಮೊದಲು.

ಆಸ್ಪತ್ರೆಗೆ ಹೋಗುವ ಆಟೋದಲ್ಲಿ ನನ್ನ ಎಣ್ಣೆಗೈಯನ್ನು ಹಿಡಿದು ತಮ್ಮ ಎದೆಯ ಮೇಲೆ ಇಟ್ಟುಕೊಂಡರು. "ಇಲ್ಲಿ ಇಡು. ತಿಕ್ಕಬ್ಯಾಡ," ಎಂದರು. ಅಂಗೈ ಕೆಳಗಿನ ಬಡಿತ ತಪ್ಪೀತೆಂದು ದಾರಿಯುದ್ದಕ್ಕೂ ನಾನು ಎಣಿಸುತ್ತಿದ್ದೆ.

ಉಸ್ತಾದರು ಉಳಿದರು. ಒಂದು ತಾಸಿನೊಳಗೆ ಕರೆತಂದಿರಿ, ಅದಕ್ಕೇ ಉಳಿದರು ಎಂದರು ಆಸ್ಪತ್ರೆಯ ಡಾಕ್ಟರು. ಎಲ್ಲರೂ ನನ್ನ ಬೆನ್ನು ತಟ್ಟಿದರು. ನಾನು ಮಾತ್ರ ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತೆ. ಭಾಲ್ಕಿಯಲ್ಲಿ ಅಪ್ಪನನ್ನು ಉಳಿಸಲು ನನ್ನ ಕೈಯಲ್ಲಿ ಪೂರಾ ಅರ್ಧ ದಿನ ಇತ್ತು.