ನಾನು ಹೊಡೆದದ್ದು ಬರೀ ಹೊಳೆನೀರು

ಸುಂದರ, ಆ ವರ್ಷ ನಿನ್ನ ಗದ್ದೆಗೆ ನಾನು ಹೊಡೆದದ್ದು ಮದ್ದಲ್ಲ, ಬರೀ ಹೊಳೆನೀರು. ಕೈತಪ್ಪಿ ಆದದ್ದಲ್ಲ, ಮರೆತು ಆದದ್ದೂ ಅಲ್ಲ — ಬೇಕೆಂದೇ ಮಾಡಿದೆ. ಎಂಟು ವರ್ಷಗಳಿಂದ ಇದನ್ನು ನುಂಗಿಕೊಂಡು ನಿನ್ನ ಮುಂದೆ ನಗುತ್ತಿದ್ದೇನೆ.

ನರಿಕೊಂಬಿನಲ್ಲಿ ನಮ್ಮಿಬ್ಬರ ಗದ್ದೆಗಳ ನಡುವೆ ಇದ್ದದ್ದು ಒಂದೇ ಹುಣಿ, ಒಂದು ಮಣ್ಣಿನ ಬದು. ಬಂಟ್ವಾಳದಿಂದ ಕೃಷಿ ಆಫೀಸರರು ಪ್ರಯೋಗಕ್ಕೆ ಗದ್ದೆ ಹುಡುಕಿಕೊಂಡು ಬಂದಾಗ ಆ ಹುಣಿಯ ಮೇಲೆಯೇ ನಿಂತರು — ಬೆನ್ನು ನನ್ನ ಕಡೆಗೆ, ಮುಖ ನಿನ್ನ ಕಡೆಗೆ. ಗೊಬ್ಬರ ಹೆಚ್ಚು ಕೊಟ್ಟರೆ ಫಸಲು ಹೆಚ್ಚು, ಆದರೆ ಪೈರು ಉದ್ದ ಬೆಳೆದು ಗಾಳಿಮಳೆಗೆ ಮಲಗುತ್ತದೆ. ಉತ್ತರದವರು ಗೋಧಿಗೆ ಕಾಂಡ ಗಿಡ್ಡ ಮಾಡುವ ಮದ್ದು ಹೊಡೆಯುತ್ತಾರೆ, ನಮ್ಮ ಭತ್ತದಲ್ಲೂ ನೋಡುವ ಎಂದರು. ನೀನು ತಲೆಯಾಡಿಸಿದೆ. ನನ್ನ ಹೆಸರನ್ನು ಅವರು ಕೇಳಲೂ ಇಲ್ಲ. ಅಯ್ಯೋ, ಎಷ್ಟು ಸಣ್ಣ ವಿಷಯ! ಆದರೆ ಆ ದಿನ ನನಗೆ ಊಟ ಸೇರಲಿಲ್ಲ. ಶಾಲೆಯಲ್ಲಿ ಮೇಷ್ಟ್ರ ಪ್ರೀತಿ ನಿನಗೆ, ಊರಿನ ಹೊಗಳಿಕೆ ನಿನಗೆ, ಈಗ ಇದೂ ನಿನಗೆ —

ಆ ಫಸಲಿನ ಮೇಲೆ ಏನು ನಿಂತಿತ್ತು ಎಂದು ನನಗೆ ಗೊತ್ತಿತ್ತು. ನಿನ್ನ ಅಣ್ಣಂದಿರು ಗದ್ದೆಗೆ ಮಣ್ಣು ತುಂಬಿಸಿ ಸೈಟು ಮಾಡುವ ಹಟದಲ್ಲಿದ್ದರು. ಈ ಒಂದು ಬೆಳೆ ನೋಡಿ ಆಮೇಲೆ ಹೇಳಿ ಎಂದು ನೀನು ಅವರ ಕೈಕಾಲು ಹಿಡಿದಿದ್ದೆ. ಗೊತ್ತಿದ್ದೇ ಮಾಡಿದೆ.

ಮದ್ದು ಹೊಡೆಯುವ ದಿನವೇ ನಿನ್ನ ಮಾವನನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ನೀನು ಬಾಟಲಿಯನ್ನು ನನ್ನ ಕೈಗಿಟ್ಟು, "ನೀನಿದ್ದೀಯಲ್ಲ ಮಾರಾಯ, ನನಗೆಂತ ಚಿಂತೆ?" ಎಂದೆ. ನಾನು ಅದನ್ನು ನಮ್ಮ ಬೈಹುಲ್ಲಿನ ಅಟ್ಟದಲ್ಲಿ ಅಡಗಿಸಿ, ಪಂಪಿಗೆ ನೇತ್ರಾವತಿಯ ನೀರು ತುಂಬಿಸಿ, ಒಂದು ಸಾಲೂ ಬಿಡದೆ ಹೊಡೆದೆ. ನಿನ್ನ ಹೆಂಡತಿ ವಾರಿಜ ಹುಣಿಯವರೆಗೆ ಬೆಲ್ಲ-ನೀರು ತಂದಳು. "ನಮಗಾಗಿ ನಿಮಗೆ ಎಷ್ಟು ಕಷ್ಟ!" ಎಂದಳು. ಕುಡಿದೆ.

ತೆನೆ ಬಲಿಯುವ ಹೊತ್ತಿಗೆ ಬಂದ ಎರಡು ದಿನದ ಗಾಳಿಮಳೆಗೆ ನಿನ್ನ ಗದ್ದೆ ಚಾಪೆ ಹಾಸಿದ ಹಾಗೆ ಮಲಗಿತು. ಖುಷಿಯಾಯಿತು, ಸುಂದರ — ಸುಳ್ಳು ಹೇಳಲಾರೆ. ಈ ಮದ್ದು ನಮ್ಮ ಕಡೆಗೆ ಆಗುವುದಿಲ್ಲ ಎಂದು ಆಫೀಸರರು ಬರೆದುಕೊಂಡು ಹೋದರು. ನೀನು ಮಾತ್ರ, ಗೊಬ್ಬರ ನಾನೇ ಹೆಚ್ಚು ಹಾಕಿದೆನೋ ಏನೋ ಎಂದು ನಿನ್ನನ್ನೇ ಬೈದುಕೊಂಡೆ.

ಅದೇ ವಾರ ಮನೆಗೆ ತೆನೆ ಕಟ್ಟುವ ಹಬ್ಬ. ನನ್ನ ಭತ್ತ ಇನ್ನೂ ತೆನೆ ಬಿಟ್ಟಿರಲಿಲ್ಲ. ಬಿದ್ದ ಪೈರಿನಲ್ಲಿ ಹುಡುಕಿ ಹುಡುಕಿ, ಕೆಸರು ತಾಗದ ತೆನೆಗಳನ್ನು ಆರಿಸಿ ನೀನೇ ನನ್ನ ಮನೆಗೆ ತಂದುಕೊಟ್ಟೆ. ನಾನು ಅದನ್ನು ಬಾಗಿಲಿಗೆ ಕಟ್ಟಿದೆ. ವರ್ಷವಿಡೀ ಅದರ ಕೆಳಗೇ ಓಡಾಡಿದೆ.

ಬೇಸಿಗೆಯಲ್ಲಿ ಟಿಪ್ಪರುಗಳು ಬಂದು ನಿನ್ನ ಗದ್ದೆಗೆ ಕೆಂಪು ಮಣ್ಣು ಸುರಿದವು.

ಹೊಟ್ಟೆಕಿಚ್ಚಿಗೆ ಮದ್ದಿಲ್ಲ ಎನ್ನುತ್ತಾರೆ. ನಿಜವೇ. ಗದ್ದೆ ಹೋದ ಮೇಲೂ ನಿನ್ನ ಮೇಲೆ ನನಗೆ ಮತ್ಸರ ಹೋಗಲಿಲ್ಲ — ನಿನಗೆ ನೆಮ್ಮದಿಯ ನಿದ್ದೆ ಬರುತ್ತದಲ್ಲ ಎಂದು.

ಇಷ್ಟು ವರ್ಷ ದೇವಸ್ಥಾನದಲ್ಲಿ ಕೊಡುವ ತೆನೆಯನ್ನೇ ತರುತ್ತಿದ್ದ ನೀನು ನಿನ್ನೆ ನನ್ನ ಗೇಟಿನ ಹೊರಗೆ ನಿಂತು ಕೇಳಿದೆ: "ನಾಡಿದ್ದು ಹಬ್ಬ ಅಲ್ವಾ. ನಿನ್ನ ಗದ್ದೆಯಿಂದ ನಾಲ್ಕು ತೆನೆ ಕೊಯ್ತೇನೆ, ಆಗ್ಬಹುದಾ?" ನೀನು — ನನ್ನಲ್ಲಿ — ಕೇಳಿ...

ಕೊಯ್ಯುವ ಮೊದಲು ಈ ಕಾಗದ ಓದು. ಬಾಟಲಿಯನ್ನೂ ಜೊತೆಗಿಟ್ಟಿದ್ದೇನೆ, ಸೀಲು ಒಡೆದಿಲ್ಲ. ನಾಳೆ ಬೆಳಗ್ಗೆ ಹುಣಿಯಲ್ಲಿ ನಿಂತಿರುತ್ತೇನೆ. ನೀನು ಬಾರದಿದ್ದರೆ ನನ್ನ ಬಾಗಿಲಿಗೂ ತೆನೆ ಕಟ್ಟುವುದಿಲ್ಲ.